ಪ್ಯಾಸೆಂಜರ್ ನಿಲ್ಲುವ ಹೊತ್ತು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ದಾಕ್ಷಾಯಣಮ್ಮ ಎಂದಿನಂತೆ ರೊಟ್ಟಿ ತಟ್ಟಿದರು. ಕಾಮಾಲೆಯಲ್ಲಿ ತೀರಿಕೊಂಡ ಮಗ ದೇವೀರಪ್ಪನನ್ನು ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬಂದದ್ದು ಮೊನ್ನೆ ಮೊನ್ನೆ. ಸೊಸೆ ಪಂಕಜಾಕ್ಷಿ ತಿನ್ನು ಎಂದಾಗ ತಿಂದಳು.

"ತರೀಕೆರೆಗೆ ಕರ್ಕೊಂಡೋಯ್ತೀನಿ ಅಂತಾರೆ ನಿಮ್ಮಪ್ಪ. ಬೆಂಗ್ಳೂರಿನ ಓದು ಬಿಡ್ತೀಯಾ?"

"ಅದು ತಾನಾಗೇ ಬಿಟ್ಟೋಗೋ ಹಂಗಿದೆ ಅತ್ತೆ."

ಸುಳ್ಳಲ್ಲ. ಅವಳದು ಕಂಪ್ಯೂಟರ್ ವಿಜ್ಞಾನದಲ್ಲಿ ಆನರ್ಸ್ ಸಂಶೋಧನೆಯ ವರ್ಷ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳಲ್ಲಿ ಯಾವುದು ಎಲ್ಲಿ ಕಾಯಬೇಕೆಂದು ಯಂತ್ರದಿಂದ ಲೆಕ್ಕ ಹಾಕಿಸುವ ಕೆಲಸ. ಲೆಕ್ಕ ಕೂಡುತ್ತಲೇ ಇರಲಿಲ್ಲ. ಕಡೂರಿನ ಕಡೆ ಹೋಗುವ ಬೆಳಗಿನ ಪ್ಯಾಸೆಂಜರ್ ಈ ಊರು ದಾಟಿ ಮುಂದಿನ ಸ್ಟೇಷನ್ನಿಗೆ ತಡವಾಗಿ ಮುಟ್ಟಿ, ಉಳಿದ ಗಾಡಿಗಳೆಲ್ಲ ಸಿಕ್ಕಿಕೊಳ್ಳುತ್ತಿದ್ದವು. ನಿನ್ನ ವಿಧಾನವೇ ತಪ್ಪು, ಇನ್ನೊಮ್ಮೆ ಹೀಗಾದರೆ ವರ್ಷ ಹೋದಂತೆ ಎಂದಿದ್ದರು ಗೈಡ್.

"ಓದೋದು ಬಿಡೋದು ನಿನ್ನಿಷ್ಟ ಕಣವ್ವ. ಸ್ಟೇಷನ್ ಮಾಸ್ಟ್ರ ಪುಸ್ತಕ ಮಾತ್ರ ಕೊಟ್ಬಿಡು. ಇನ್ನೊಬ್ರಿಂದ ಈಸ್ಕೊಂಡಿದ್ದು ಇಟ್ಕೊಂಡು ಮಲಗ್ಬಾರ್ದು ನನ್ ಮಗ."

ಅಜ್ಜಂಪುರದಾಚೆಯ ಆ ಪುಟ್ಟ ಊರಿನ ಸ್ಟೇಷನ್ ಮಾಸ್ಟರ್ ತೀರ್ಥಪ್ಪನವರಿಂದ ರೈಲಿನ ವೇಳಾಪಟ್ಟಿಯ ಪುಸ್ತಕ ತಂದವನು ದೇವೀರಪ್ಪ. ರಜೆಯಲ್ಲಿ ಅವನು ಸಾಲು ಸಾಲಾಗಿ ಓದಿ ಹೇಳಿದ. ಅವಳು ಬರೆದುಕೊಂಡು ಹೋಗಿ ಬೆಂಗಳೂರಿನಲ್ಲಿ ಯಂತ್ರ ಓದುವ ಕಾರ್ಡುಗಳಿಗೆ ತೂತು ಹೊಡೆಸಿದಳು. ಪುಸ್ತಕವನ್ನು ಅವಳು ತೆರೆದೇ ಇರಲಿಲ್ಲ. ಅವನು ಕಡೂರಿನಲ್ಲಿ ಗಣಿತದ ಮೇಷ್ಟ್ರು. ಅವನು ಹೇಳಿದ ಅಂಕಿಯನ್ನು ಯಾರು ಅನುಮಾನಿಸುತ್ತಾರೆ?

ಕೊಡುವ ಮೊದಲು ಒಮ್ಮೆ ತೆರೆದಳು. ತಮ್ಮೂರಿನ ಸಾಲಿಗೆ ಬಂದಾಗ ಬೆರಳು ನಿಂತಿತು. ಬೆಳಗಿನ ಪ್ಯಾಸೆಂಜರ್ ಇಲ್ಲಿ ನಿಲ್ಲುವುದು ಒಂದೇ ನಿಮಿಷ. ಅವಳ ಕಾರ್ಡಿನಲ್ಲಿ ಐದು.

ದೇವೀರಪ್ಪನಿಗೆ ಅದು ದಿನವೂ ತಾನು ಹತ್ತುವ ಗಾಡಿ. ಪುಸ್ತಕ ನೋಡುವುದೇನಿದೆ ಎಂದು ತನಗೆ ಗೊತ್ತಿದ್ದದ್ದನ್ನೇ ಹೇಳಿದ್ದ.

ಜೊತೆಗೆ ತಂದಿದ್ದ ಕಾರ್ಡುಗಳ ಕಟ್ಟು ಬಿಚ್ಚಿ ಆ ಒಂದು ಕಾರ್ಡನ್ನು ಹೊರಗೆ ತೆಗೆದಳು. ಐದರ ಬದಲು ಒಂದು ಇಟ್ಟು ಪೆನ್ಸಿಲ್ಲಿನಲ್ಲಿ ಲೆಕ್ಕ ಹಾಕಿದಳು. ಪ್ಯಾಸೆಂಜರ್ ಹೊತ್ತಿಗೆ ಸರಿಯಾಗಿ ಮುಟ್ಟಿತು. ಎದುರಿನ ಗೂಡ್ಸ್ ಗಾಡಿ ಹೊರಟಿತು. ವರ್ಷ ಉಳಿಯಿತೆಂದು ತಿಳಿಯಿತು. ಏನೂ ಅನ್ನಿಸಲಿಲ್ಲ.

ಗಂಡ ಸತ್ತವಳು ಇಷ್ಟು ಬೇಗ ಹೊಸ್ತಿಲು ದಾಟಬಾರದು. ಅತ್ತೆಯೇ ಅವಳಿಗೆ ಸೆರಗು ಹೊದಿಸಿ ಹಿತ್ತಲ ಬಾಗಿಲು ತೆಗೆದರು. "ಯಾರಾದ್ರೂ ಕೇಳಿದ್ರೆ ಅತ್ತೆ ಕಳ್ಸಿದ್ಲು ಅನ್ನು. ಬಯ್ಯೋರು ನನ್ನೇ ಬಯ್ಲಿ."

ಸ್ಟೇಷನ್ನಿನಲ್ಲಿ ಅವಳನ್ನು ಕಂಡು ತೀರ್ಥಪ್ಪ ಎದ್ದು ನಿಂತರು. ಪುಸ್ತಕಕ್ಕೆ ಕೈ ಚಾಚಲಿಲ್ಲ.

"ಇಟ್ಕೊಳ್ರವ್ವ. ನಿಮ್ ಓದು ಮುಗೀಲಿ."

"ಮುಗೀತದೆ ಸಾರ್. ತಪ್ಪು ಸಿಕ್ತು. ಬೆಳಗಿನ ಗಾಡಿ ಇಲ್ಲಿ ಐದು ನಿಮಿಷ ನಿಲ್ತದೆ ಅಂತ ಬರೆಸಿದ್ರು ನಮ್ಮನೆಯವ್ರು."

ತೀರ್ಥಪ್ಪ ಹಳಿಯ ಕಡೆ ನೋಡಿದರು.

"ನಿಲ್ತಿತ್ತು ಕಣವ್ವ. ಮೇಷ್ಟ್ರು ಯಾವತ್ತು ಹೊತ್ತಿಗೆ ಬಂದೋರು? ಚಪ್ಲಿ ಕೈಲಿಡ್ಕೊಂಡು ಬದುವಿನ ಮೇಲೆ ಓಡ್ಬರೋರು. ಮಕ್ಳಿಗೆ ಗಡಿಯಾರ ನೋಡೋದು ಯಾರು ಕಲಿಸ್ತಾರೆ ಮೇಷ್ಟ್ರೇ ಅಂತ ಗಾರ್ಡು ಬೈಕೊಂಡೇ ಕಾಯೋನು."

"ಈಗ?"



"ಈಗ ಒಂದೇ ನಿಮಿಷ."

ಪಂಕಜಾಕ್ಷಿ ಪುಸ್ತಕವನ್ನು ಅವರ ಮೇಜಿನ ಮೇಲೆ ಇಟ್ಟಳು.