ಕುಡಿಯದೇ ಬಂದ ಭಾವ

ಅಕ್ಕನ ಸಂಸಾರಕ್ಕೆ ಇದ್ದದ್ದು ಒಂದೇ ಸೂತ್ರ: ಭಾವ ಕುಡಿದರೆ ಹೊಡೆಯುತ್ತಾನೆ. ಮೆಟ್ಟಿಲ ಮೇಲೆ ಅವನ ಹೆಜ್ಜೆ ತಡವರಿಸಿದರೆ ಬಾಗಿಲಿಗೆ ಚಿಲಕ; ನೆಟ್ಟಗಿದ್ದರೆ ಸ್ವಾಗತ. ಈ ಸೂತ್ರ ನಂಬಿಯೇ ಅಕ್ಕ ತನ್ನ ಹಲ್ಲುಗಳನ್ನು ಉಳಿಸಿಕೊಂಡಿದ್ದಳು, ಒಂದನ್ನು ಬಿಟ್ಟು.

ಆ ಮಧ್ಯಾಹ್ನ, ಅದೇ ಮನೆಯಲ್ಲಿದ್ದ ತಂಗಿಗೆ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ. ಅಡುಗೆಮನೆಯ ನೆಲದ ಮೇಲೆ ಕೂತು ತರ್ಕದ ಪ್ರಶ್ನೆಗಳನ್ನು ಕೊನೆಯ ಸಲ ಬಿಡಿಸುತ್ತಿದ್ದಳು. ‘ಯಂತ್ರ ಕೆಟ್ಟರೆ ದೀಪ ಆರುತ್ತದೆ. ಯಂತ್ರ ಕೆಟ್ಟಿಲ್ಲ. ಹಾಗಾದರೆ ದೀಪ?’ ಉರಿಯುತ್ತಿದೆ ಎಂದು ಗುರುತು ಹಾಕಿ, ಹಿಂದಿನ ಪುಟದಲ್ಲಿ ಉತ್ತರ ನೋಡಿದಳು. ತಪ್ಪು. ಏನನ್ನೂ ಹೇಳಲಾಗದು, ದೀಪ ಆರುವುದಕ್ಕೆ ಬೇರೆ ನೂರು ಕಾರಣಗಳಿರಬಹುದು. ಥೂ, ಇಷ್ಟು ಸುಲಭದ್ದರಲ್ಲಿ ಎಡವಿದೆನಲ್ಲ ಎಂದುಕೊಳ್ಳುವಾಗಲೇ ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು. ನೆಟ್ಟಗಿದ್ದವು.

"ಇವತ್ತು ಕುಡಿದಿಲ್ಲ ಕಣೇ!" ಅಕ್ಕ ಮುಖ ಅರಳಿಸಿ ಎದ್ದಳು. "ನಿನ್ನ ಅದೃಷ್ಟ."

"ಅಕ್ಕಾ, ತಾಳು, ತೆಗೀಬೇಡ..."

ಚಿಲಕ ಸರಿದಾಗಿತ್ತು.

"ಏನು ಲಾಯರಮ್ಮ, ಹೊರಟ್ರಾ?" ಭಾವನ ದನಿ ಬೆಣ್ಣೆಯಂತಿತ್ತು. "ಮೊದಲನೇ ಕೇಸು ನನ್ನ ಮೇಲೇ ಅಂತೆ? ಪಕ್ಕದ ಮನೆಯೋಳ ಹತ್ರ ಹೇಳ್ಕೊಂಡು ನಕ್ಕೆಯಂತೆ?"

ಕುಡಿದಾಗ ಅವನ ಏಟುಗಳಲ್ಲಿ ಅರ್ಧ ಗೋಡೆಗೆ ಹೋಗುತ್ತಿದ್ದವು. ಇವತ್ತು ಒಂದೂ ಗುರಿ ತಪ್ಪಲಿಲ್ಲ. ಅಡ್ಡ ಬಂದ ಅಕ್ಕನ ತುಟಿ ಒಡೆಯಿತು, ತಲೆ ಕಪಾಟಿನ ಮೂಲೆಗೆ ಬಡಿದು ರಕ್ತ ಚಿಮ್ಮಿತು. ತಗಡಿನ ಕಾರ್ಖಾನೆಯಲ್ಲಿ ಪಳಗಿದ ಅವನ ಕೈ ತಂಗಿಯ ಬಲಗೈ ಹಿಡಿದು, ತಗಡನ್ನು ಹೊಂದಿಸಿದಷ್ಟೇ ನಿಧಾನವಾಗಿ ಬೆರಳುಗಳನ್ನು ಬಾಗಿಲ ಸಂದಿಯಲ್ಲಿ ಹೊಂದಿಸಿತು.

"ಇನ್ನು ಬರಿ."

ಬಾಗಿಲು ಧಡ್ ಎಂದಿತು. ಮೂಳೆ ಮುರಿದ ಸದ್ದು ಅವಳ ಚೀರಾಟದ ನಡುವೆಯೂ ಕೇಳಿಸಿತು. ಮತ್ತೊಮ್ಮೆ ಬಡಿಯಲೆಂದು ಅವನು ಬಾಗಿಲನ್ನು ಹಿಂದಕ್ಕೆಳೆದಾಗ, ಎಂದೂ ಕೈಯೆತ್ತದ ಅಕ್ಕ ಕಬ್ಬಿಣದ ಬಾಣಲೆಯನ್ನು ಅವನ ಕಿವಿಯ ಮೇಲೆ ಬೀಸಿದಳು. ಕುಸಿದವನು ಮೊಣಕೈ ಊರಿ ಏಳಹೋದ. ಆ ಮೊಣಕೈಗೇ ಹೊಡೆದಳು. ಆಮೇಲೆ ಮಂಡಿಗೆ. ಬಾಣಲೆಯ ಹಿಡಿ ಕಿತ್ತುಬಂದ ಮೇಲೆಯೇ ನಿಂತದ್ದು.

"ಸತ್ತೋದನೇನೇ?"

"ಬೈತಿದಾನಲ್ಲ ಅಕ್ಕ. ಸತ್ತೋರು ಬೈಯಲ್ಲ."

ಬೀದಿಯಲ್ಲಿ ಅಕ್ಕ ಸೆರಗಿನಿಂದ ಹಣೆ ಒತ್ತಿಕೊಂಡು ನಡೆದಳು. ಏಟಿಗಿಂತ ಮೋಸಹೋದದ್ದೇ ಅವಳಿಗೆ ಹೆಚ್ಚು ಉರಿಯುತ್ತಿತ್ತು. "ಕುಡೀದೇನೇ ಹೊಡೆದ್ನಲ್ಲೇ!"

"ಕುಡಿದ್ರೆ ಹೊಡೀತಾನೆ, ನಮಗೆ ಗೊತ್ತಿದ್ದದ್ದು ಅಷ್ಟೇ. ಕುಡೀದಿದ್ರೆ ಹೊಡೆಯಲ್ಲ ಅಂತ ಯಾರು ಹೇಳಿದ್ರು?"

"ಅದನ್ನ ಕಲಿಯೋಕೆ ಪುಸ್ತಕ ಬೇಕಿತ್ತಾ? ನನ್ನ ಬೆನ್ನು ಸಾಲ್ದಾಯ್ತಾ?" ಎಂದು ಅಕ್ಕ ನಕ್ಕಳು, ಒಡೆದ ತುಟಿಯಿಂದ ಮತ್ತೆ ರಕ್ತ ಬಂತು.

ಪರೀಕ್ಷಾ ಕೊಠಡಿಯ ಮೇಲ್ವಿಚಾರಕರು ಬದನೆಕಾಯಿಯಂತೆ ಊದಿದ ಬೆರಳುಗಳನ್ನು ಕಂಡು ಬೆಚ್ಚಿದರು. "ಆಸ್ಪತ್ರೆಗೆ ಹೋಗಮ್ಮ. ಮುಂದಿನ ವರ್ಷ ಬರೀಬಹುದು."

"ಮುಂದಿನ ವರ್ಷದವರೆಗೆ ಆ ಮನೇಲಿ ಬದುಕಿರ್ತೀವಿ ಅಂತ ಹೇಳಕ್ಕಾಗಲ್ಲ ಸಾರ್."

ಅವರು ಉತ್ತರಪತ್ರಿಕೆ ಕೊಟ್ಟರು.

ಎಡಗೈ ಪೆನ್ಸಿಲಿನಿಂದ ತುಂಬಿದ ಮೊದಲ ಉತ್ತರದ ವೃತ್ತ ಗೆರೆ ದಾಟಿತು. ಅಳಿಸಹೋದರೆ ಹಾಳೆ ಜಾರುತ್ತಿತ್ತು. ಮುರಿದ ಬೆರಳುಗಳನ್ನೇ ಅದರ ಮೇಲೆ ಊರಿದಳು. ಕಣ್ಣಿಗೆ ಕತ್ತಲೆ ಬಂತು. ಕತ್ತಲೆ ಸರಿಯುವವರೆಗೆ ಕಾದು, ಅಳಿಸಿ, ಹಾಗೆಯೇ ಒತ್ತಿ ಹಿಡಿದು ಮತ್ತೆ ತುಂಬಿದಳು. ಈ ಸಲ ಗೆರೆಯೊಳಗೇ ನಿಂತಿತು. ಎರಡನೆಯ ಪ್ರಶ್ನೆ ಓದತೊಡಗಿದಳು.