ಇಪ್ಪತ್ತೈದು ನನ್ನದು

ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ತಲೆಯ ಮೇಲೆ ಕೆಂಪು ಕಾಗದದ ನಕ್ಷತ್ರ ತೂಗುತ್ತಿತ್ತು. ಅದೂ ಎಲ್ಲಿ? ಮಾವಿನ ತೋರಣ ಕಟ್ಟುವ ಮೊಳೆಗೆ. ಆ ಮೊಳೆ ಹೊಡೆದವರು ನಮ್ಮ ಯಜಮಾನರು, ಏಕಾಂತಯ್ಯನವರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸಿ, ಮಠಕ್ಕೆ ನಡೆದುಕೊಂಡು, ಲಿಂಗಪೂಜೆ ಆಗದೆ ಒಂದು ಲೋಟ ನೀರನ್ನೂ ಕುಡಿಯದೆ ಬಾಳಿ ಹೋದವರು. ಅವರು ಹೊಡೆದ ಮೊಳೆಗೆ ಇವಳ ನಕ್ಷತ್ರ. ನನಗೆ ಮೈಯೆಲ್ಲ ಉರಿಯಿತು.

ಇವಳು ಅಂದರೆ ಜಸಿಂತಾ, ನನ್ನ ಸೊಸೆ. ನನ್ನ ಮಗ ಮಹಾಂತೇಶನಿಗೆ ಹೆಣ್ಣು ಸಿಗಲಿಲ್ಲ ಎಂದಲ್ಲ. ಕಣಕಟ್ಟೆಯಿಂದ ಗಂಡಸಿಯವರೆಗೆ ನಮ್ಮವರಲ್ಲೇ ಎಷ್ಟೋ ಮನೆ ನೋಡಿಟ್ಟಿದ್ದೆ. ಅವನು ಬೈಕಿನಿಂದ ಬಿದ್ದು ಕೈ ಮುರಿದುಕೊಂಡು ಆಸ್ಪತ್ರೆಗೆ ಹೋದ, ಅಲ್ಲಿದ್ದ ನರ್ಸನ್ನು ಮದುವೆಯಾಗಿ ಬಂದ. ನಾನು ಅವಳನ್ನು ಮನೆಯಿಂದ ಆಚೆ ಹಾಕಲಿಲ್ಲ, ಹಾಗಂತ ಒಳಗೂ ಬಿಟ್ಟುಕೊಳ್ಳಲಿಲ್ಲ. ದೇವರ ಕೋಣೆಯ ಹೊಸಿಲು ದಾಟಬೇಡ ಎಂದು ಮದುವೆಯಾಗಿ ಬಂದ ದಿನವೇ ಹೇಳಿದ್ದೆ. ಇವತ್ತಿನವರೆಗೂ ದಾಟಿಲ್ಲ, ಅಂಥ ಹಟಮಾರಿ.

ಮೊಮ್ಮಗನಿಗೆ ಈಗ ಆರು ವರ್ಷ. ಸಂತೋಷ್ ಎಂದು ಹೆಸರು. ಎರಡು ಕಡೆಯವರೂ ಬೇಡ ಎನ್ನದ ಹೆಸರು ಅದೊಂದೇ ಸಿಕ್ಕಿದ್ದು. ಅವನ ಹಿಂದೆ ಒಬ್ಬಳು ಪುಟ್ಟಿ ಇದ್ದಾಳೆ, ಇನ್ನೂ ಬೆರಳು ಚೀಪುತ್ತಾಳೆ. ಸಂತೋಷ ನನ್ನ ಪಕ್ಕದಲ್ಲೇ ಮಲಗುವುದು. ಅವನ ಕೊರಳಿಗೆ ಲಿಂಗ ಕಟ್ಟಿಸಿ ಕಣ್ಣು ಮುಚ್ಚಬೇಕು ಎಂಬುದೊಂದೇ ನನಗೆ ಉಳಿದಿದ್ದ ಆಸೆ. ದೀಕ್ಷೆಗೆ ದಿನ ಕೇಳಿದಾಗ ಮಠದಲ್ಲಿ ಮೂರು ನಾಲ್ಕು ತಾರೀಖು ಹೇಳಿದರು. ನಾನು ಡಿಸೆಂಬರ್ ಇಪ್ಪತ್ತೈದನ್ನೇ ಹಿಡಿದೆ. ಸ್ಕೂಲಿಗೆ ರಜಾ ಇರುತ್ತದೆ ಎಂದೆ. ನಿಜವಾದ ಕಾರಣ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರತಿ ವರ್ಷ ಆ ದಿನ ಅವಳು ಮಕ್ಕಳನ್ನು ಎತ್ತಿಕೊಂಡು ಬೇಲೂರಿಗೆ, ಅಪ್ಪನ ಮನೆಗೆ ಹೋಗುತ್ತಿದ್ದಳು. ಈ ಸಲ ಹೇಗೆ ಹೋಗುತ್ತಾಳೋ ನೋಡೋಣ ಎನಿಸಿತ್ತು ನನಗೆ.

ಅವಳು ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ದೋಸೆ ಹುಯ್ಯುತ್ತಾ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದಳು.

“ಇಪ್ಪತ್ತೈದು ನಿಮಗಿರ್ಲಿ ಅತ್ತೆ. ಅದಕ್ಕೆ ಮುಂಚಿನ ಭಾನುವಾರ ನನಗೆ ಕೊಡಿ. ಒಂದು ಸಲ ಈ ಮನೇಲಿ ನನ್ನ ಮಕ್ಕಳ ಜೊತೆ ನನ್ನ ಹಬ್ಬ ಮಾಡ್ತೀನಿ. ಆಮೇಲೆ ದೀಕ್ಷೆಗೆ ನಾನೇ ಅವನಿಗೆ ನೀರು ಹಾಕಿ ಕಳಿಸ್ತೀನಿ.”

ಆಗಲಿ ಎಂದೆ. ಮೊಟ್ಟೆ ಬರಕೂಡದು, ಮಾಂಸದ ಮಾತೇ ಇಲ್ಲ, ನಿಮ್ಮಪ್ಪನನ್ನು ಬಿಟ್ಟು ಇನ್ನು ಯಾರೂ ಬರಕೂಡದು ಎಂದೂ ಹೇಳಿದೆ. ನಕ್ಷತ್ರದ ವಿಷಯ ಹೇಳುವುದು ಮರೆತಿದ್ದೆ, ಅದು ನನ್ನ ದಡ್ಡತನ.

ನಕ್ಷತ್ರ ತೂಗಿದ ಆ ಭಾನುವಾರವೇ ಅವಳ ಅಪ್ಪ ಇನ್ನಾಸಪ್ಪ ಹಳೇಬೀಡು, ಜಾವಗಲ್ ಮೇಲೆ ಬರುವ ಬಸ್ಸು ಹಿಡಿದು ಬಂದರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಒಂದು ಬಟ್ಟೆ ಬ್ಯಾಗು ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಬಂದವರೇ ನನ್ನ ಹಿತ್ತಲಿನ ತೆಂಗಿನ ಗರಿ, ನನ್ನ ಮಂಡಿಯ ಗೋಣಿಚೀಲ, ಎದುರು ಮನೆಯ ರಾಗಿ ಹುಲ್ಲು ತಂದು ನಡುಮನೆಯಲ್ಲಿ ಒಂದು ಪುಟ್ಟ ಕೊಟ್ಟಿಗೆ ಕಟ್ಟಿದರು. ಅವರ ಸ್ವಾಮಿ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಂತೆ. ಅದಕ್ಕೆ ಗೋದಲಿ ಅನ್ನುತ್ತಾರೆ. ಒಳಗೆ ಬ್ಯಾಗಿನಿಂದ ತೆಗೆದ ಮಣ್ಣಿನ ಬೊಂಬೆಗಳು, ಒಂದು ಹಸು, ಎರಡು ಕುರಿ, ತಾಯಿ, ತಂದೆ, ಮಧ್ಯೆ ಹುಲ್ಲಿನ ಹಾಸಿಗೆ. ಹಾಸಿಗೆ ಖಾಲಿ.

ಪಾಪು ಎಲ್ಲಿ ಎಂದು ಸಂತೋಷ ಕೇಳಿದ. ಪಾಪು ಇಪ್ಪತ್ತನಾಲ್ಕರ ರಾತ್ರಿಯೇ ಬರಬೇಕು, ಹಬ್ಬವನ್ನು ಮುಂಚೆ ಮಾಡಬಹುದು, ಹೆರಿಗೆಯನ್ನು ಮುಂಚೆ ಮಾಡಲಾಗುವುದಿಲ್ಲ ಎಂದು ಇನ್ನಾಸಪ್ಪ ನಕ್ಕರು. ಮಗ ಸೊಸೆಯೂ ನಕ್ಕರು. ಪುಟ್ಟಿ ಮಾತ್ರ ಈಗಲೇ ಪಾಪು ಬೇಕು ಎಂದು ರಂಪ ಮಾಡಿ ನೆಲದಲ್ಲಿ ಹೊರಳಿದಳು. ಹಬ್ಬವಂತೆ ಹಬ್ಬ, ದೇವರೇ ಬರದ ಹಬ್ಬ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಗೊಣಗಿ ದೇವರ ಕೋಣೆಗೆ ಹೋದೆ. ಜಸಿಂತಾ ಕರ್ಜಿಕಾಯಿ ತಂದು ಹೊಸಿಲಿನ ಆಚೆಯೇ ಇಟ್ಟು ಹೋದಳು. ನಾನು ಮುಟ್ಟಲಿಲ್ಲ. ನನ್ನ ಮಂಡಿಯ ಕೊಬ್ಬರಿಯನ್ನೇ ತುಂಬಿದ್ದಳು, ವಾಸನೆಯಲ್ಲೇ ಗೊತ್ತಾಯಿತು.

ಸಂಜೆ ಅವರು ಮೊಟ್ಟೆಯಿಲ್ಲದ ಕೇಕು ಕತ್ತರಿಸಲು ಮಕ್ಕಳನ್ನು ಕೂರಿಸಿಕೊಂಡಿದ್ದಾಗ ನಾನು ಪೂಜೆಗೆ ಕುಳಿತೆ. ಕುಳಿತವಳು ಗೂಡಿನ ಕಡೆ ಕೈ ಹಾಕಿದೆ. ಅಲ್ಲಿ ರೇಷ್ಮೆ ತುಂಡಿನಲ್ಲಿ ಸಂತೋಷನ ಕರಡಿಗೆ ಇಟ್ಟಿದ್ದೆ. ಲಿಂಗ ಇಟ್ಟುಕೊಂಡು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ, ಹಾಸನದ ಅಕ್ಕಸಾಲಿಗೆ ಹೇಳಿ ಅವನ ಅಳತೆಗೆ ಮಾಡಿಸಿದ್ದೆ. ಲಿಂಗ ಇನ್ನೂ ಇರಲಿಲ್ಲ, ಅದನ್ನು ದೀಕ್ಷೆಯ ದಿನ ಸ್ವಾಮಿಗಳು ಕೊಡಬೇಕು. ದಿನಾ ಮಲಗುವಾಗ ಅದನ್ನು ಅವನಿಗೆ ತೋರಿಸುತ್ತಿದ್ದೆ. ಈಗ ರೇಷ್ಮೆ ತುಂಡು ಮಾತ್ರ ಇತ್ತು.

ನಡುಮನೆಗೆ ಬಂದು ಕರಡಿಗೆ ಎಲ್ಲಿ ಎಂದು ಕೇಳಿದೆ. ಅಲ್ಲೇ ಎಲ್ಲೋ ಇರಬೇಕು, ಇನ್ನೊಂದು ಸಲ ನೋಡಮ್ಮ ಎಂದ ಮಹಾಂತೇಶ. ನನಗೆ ರೇಗಿಹೋಯಿತು. ದೀಕ್ಷೆ ತಪ್ಪಿಸುವುದಕ್ಕೇ ಈ ಭಾನುವಾರದ ನಾಟಕ ಎಂದು ನನಗೆ ಆ ಕ್ಷಣಕ್ಕೆ ಖಾತ್ರಿಯಾಗಿತ್ತು.

“ನನ್ನ ಮನೇಲಿ ಇದುವರ್ಗೂ ಒಂದು ಸೂಜಿ ಕಳೆದಿಲ್ಲ. ಇವತ್ತು ಹೊರಗಿಂದ ಬಂದಿರೋದು ಒಂದೇ ಬ್ಯಾಗು.”

ಇನ್ನಾಸಪ್ಪ ನಿಧಾನವಾಗಿ ಎದ್ದರು, ಮೂಲೆಯಲ್ಲಿದ್ದ ಬ್ಯಾಗು ತಂದರು, ನನ್ನ ಕಾಲ ಮುಂದೆ ತಲೆಕೆಳಗೆ ಮಾಡಿ ಸುರಿದರು.

“ನೋಡ್ಕಳಿ ಕಮಲಾಕ್ಷಮ್ನೋರೆ.”

ಒಂದು ಪಂಚೆ, ಶುಗರ್ ಮಾತ್ರೆ, ಜಪಮಾಲೆ. ಟವೆಲಿನಲ್ಲಿ ಸುತ್ತಿದ್ದ ಮಣ್ಣಿನ ಪಾಪು, ಗೋದಲಿಯದು. ಜೊತೆಗೆ ಬಟ್ಟೆ ಅಂಗಡಿಯ ಕವರು. ಬಿದ್ದ ರಭಸಕ್ಕೆ ಕವರಿನಿಂದ ಪುಟ್ಟ ಬಿಳಿ ಪಂಚೆ, ಪುಟ್ಟ ಶಲ್ಯ ಹೊರಗೆ ಬಂದವು.

“ದೀಕ್ಷೆಗೆ ತವರಿಂದ ಬಟ್ಟೆ ಬರಬೇಕು, ನಿಮ್ಮಲ್ಲಿ ಅದೆಲ್ಲ ಎಲ್ಲಿ ಗೊತ್ತು ಅಂದಿದ್ರಲ್ಲ ಅತ್ತೆ,” ಎಂದಳು ಜಸಿಂತಾ. “ಅಪ್ಪ ತಂದಿದಾರೆ.”

ಅಂದಿದ್ದೆ, ನಿಜ. ತರಲಿ ಎಂದು ಅಂದಿದ್ದಲ್ಲ, ಚುಚ್ಚಲು ಅಂದಿದ್ದು.

ಆಗ ಸಂತೋಷ ಗೋದಲಿಯ ಪಕ್ಕದಿಂದ, “ಅಜ್ಜಿ, ಕರಡಿಗೆ ಇಲ್ಲೈತೆ” ಎಂದ. ಹಸುವಿನ ಮೂತಿಯ ಕೆಳಗೆ, ಹುಲ್ಲಿನ ಹಾಸಿಗೆಯಲ್ಲಿ, ಅರ್ಧ ಹುಲ್ಲು ಹೊದ್ದುಕೊಂಡು ನನ್ನ ಬೆಳ್ಳಿ ಕರಡಿಗೆ ಮಲಗಿತ್ತು. ಪುಟ್ಟಿ ಅಳುತ್ತಿದ್ದಳಲ್ಲ, ಅದಕ್ಕೇ ಪಾಪುವಿನ ಜಾಗದಲ್ಲಿ ತಂದಿಟ್ಟನಂತೆ. ಇದರೊಳಗೂ ಇಪ್ಪತ್ತೈದಕ್ಕೇ ಸ್ವಾಮಿ ಬರುತ್ತಾನೆ ಎಂದು ನೀನೇ ಹೇಳಿದ್ದೆಯಲ್ಲ ಎಂದು ನನ್ನನ್ನೇ ಕೇಳಿದ.

ಆಗಲಾದರೂ ನಾನು ಒಂದು ಮಾತು ಆಡಬಹುದಿತ್ತು. ನಾಚಿಕೆಯಿಂದ ಇನ್ನಾಸಪ್ಪನವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಬಾಯಿ ಮಾತ್ರ ತನ್ನ ಪಾಡಿಗೆ ತಾನು, ಪೂಜೆಯ ವಸ್ತುವನ್ನು ದನದ ಹುಲ್ಲಿನಲ್ಲಿ ಇಡಲು ಹುಡುಗನಿಗೆ ಯಾರು ಹೇಳಿಕೊಟ್ಟರು ಎಂದು ಬಯ್ಯತೊಡಗಿತು.

ಜಸಿಂತಾ ನಾನು ಮುಗಿಸುವವರೆಗೆ ಕಾದಳು.

“ಇಪ್ಪತ್ತೈದು ನಾನು ನಿಮಗೆ ಕೊಟ್ಟಿದ್ದೆ ಅತ್ತೆ. ಈಗ ವಾಪಸ್ ತಗೋತೀನಿ. ಆವತ್ತು ನನ್ನ ಮಕ್ಕಳು ಬೇಲೂರಲ್ಲಿ ಇರ್ತಾರೆ.”

ನಾನು ಮಗನ ಮುಖ ನೋಡಿದೆ. ಅವನು ನೆಲದ ಮೇಲೆ ಕೂತು ಮಾವನ ಮಾತ್ರೆಗಳನ್ನು ಹೆಕ್ಕುತ್ತಿದ್ದ. ತಲೆ ಎತ್ತದೆ, ಮಠಕ್ಕೆ ನಾನೇ ಫೋನ್ ಮಾಡಿ ಹೇಳುತ್ತೇನೆ ಬಿಡಮ್ಮ, ನಾನೂ ಅವರ ಜೊತೆ ಹೋಗುತ್ತೇನೆ ಎಂದ. ಹುಟ್ಟಿದಾಗಿನಿಂದ ನನ್ನ ಮಾತಿಗೆ ಎದುರಾಡದ ಮಗ.

ಹುಡುಗನಿಗೆ ಹೇಳಿದರೆ ಆದೀತು ಎಂದುಕೊಂಡೆ. ಅವನು ನನ್ನವನು, ನನ್ನ ಪಕ್ಕದಲ್ಲಿ ಮಲಗುವವನು. ಬಾ ಮಗಾ, ಇದು ನಿಂದು ಅಲ್ವಾ, ಇಪ್ಪತ್ತೈದಕ್ಕೆ ಕಟ್ಟಿಸ್ಕೋತೀಯ ಅಲ್ವಾ ಎಂದು ಕರೆದೆ. ಸಂತೋಷ ಕರಡಿಗೆಯನ್ನು ಹುಲ್ಲಿನಿಂದ ಎತ್ತಿದ, ಅಂಟಿದ್ದ ಧೂಳನ್ನು ಬಾಯಿಂದ ಊದಿದ, ತಂದು ನನ್ನ ಅಂಗೈಯಲ್ಲಿಟ್ಟ.

“ತಗೋ ಅಜ್ಜಿ. ನಂಗೆ ಬೇಡ. ಇದಕ್ಕೋಸ್ಕರ ನೀನು ತಾತನ ಬ್ಯಾಗ್ ಸುರಿಸಿದೆ.”

ಅಷ್ಟು ಹೇಳಿ ಹೋಗಿ ತಾತನ ಪಕ್ಕದಲ್ಲಿ ಕೂತು ಆ ಬಿಳಿ ಪಂಚೆಯನ್ನು ಮಡಿಸಿ ಬ್ಯಾಗಿಗೆ ಹಾಕಲು ಕೈಜೋಡಿಸಿದ. ಅವನ ಕೊರಳ ಅಳತೆಗೆ ಮಾಡಿಸಿದ್ದು ನೋಡಿ, ನನ್ನ ಮುಷ್ಟಿಯೊಳಗೆ ಪೂರಾ ಮುಚ್ಚಿಹೋಯಿತು. ತಪ್ಪು ಯಾರದು ಎಂದು ಕೇಳಿದರೆ ನಾನು ಈಗಲೂ ಅವಳದೇ ಎನ್ನುತ್ತೇನೆ. ಆದರೆ ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿಲ್ಲ.