ಸವೆತಕ್ಕೆ ಕಾರಣ

ಇಪ್ಪತ್ತೆರಡು ವರ್ಷ ತಲೆ ತಗ್ಗಿಸಿ ಕಂಡವರ ಶರ್ಟುಗಳಿಗೆ ಕಾಲರ್ ಹೊಲಿದವಳ ಕತ್ತು ಕೊನೆಗೂ ಮುಷ್ಕರ ಹೂಡಿತು. ಬಲಗೈ ಬೆರಳುಗಳು ಜೋಮು ಹಿಡಿದು ಸೂಜಿಗೆ ದಾರ ಪೋಣಿಸಲಾಗದೆ ಹೋದಾಗ, ಕಾರ್ಖಾನೆಯವರೆಲ್ಲ ಕಾಲರ್ ಅಕ್ಕ ಎನ್ನುತ್ತಿದ್ದ ಆಕೆ ಆಸ್ಪತ್ರೆಗೆ ಹೋದಳು. ಜೊತೆಗಿದ್ದವನು ಮೈದುನ, ಅದೇ ಕಾರ್ಖಾನೆಯ ಮೆಕ್ಯಾನಿಕ್.

ಡಾಕ್ಟರಮ್ಮ ಸ್ಕ್ಯಾನ್ ಚಿತ್ರ ತೋರಿಸಿದರು. "ಎರಡು ಮೂಳೆ ನಡುವಿನ ಮೆತ್ತೆ ಸವೆದು ನರವನ್ನ ಒತ್ತುತ್ತಾ ಇದೆ. ಅದನ್ನ ತೆಗೆದು ಕೃತಕ ಡಿಸ್ಕ್ ಇಡೋಣ. ಮೂಳೆಗಳನ್ನ ಬೆಸೆಯೋ ದಾರೀನೂ ಇದೆ. ಆದ್ರೆ ಡಿಸ್ಕ್ ಇಟ್ರೆ ಆ ಕೀಲು ಆಡ್ತಾ ಇರುತ್ತೆ."

"ಮಿಷನ್ನಿನ ಸವೆದ ಬುಷ್ ಬದಲಾಯಿಸಿದ ಹಾಗೆ ಅನ್ನಿ," ಎಂದ ಮೈದುನ.

"ನಾನೇನು ನಿನ್ನ ಹಳೇ ಮಿಷನ್ನೇನೋ?"

"ಮಿಷನ್ ಆಗಿದ್ರೆ ವಾರಕ್ಕೊಮ್ಮೆ ಎಣ್ಣೆಯಾದ್ರೂ ಬಿಡ್ತಿದ್ರು ಅತ್ತಿಗೆ."

ಡಾಕ್ಟರಮ್ಮ ನಕ್ಕರು. "ಒಂದು ಮಾತು ನೆನಪಿರ್ಲಿ. ಮೇಲಿನ ಕೀಲು, ಕೆಳಗಿನ ಕೀಲು ಹಳೇವೇ. ಮತ್ತೆ ಹಾಗೇ ಬಗ್ಗಿ ಕೂತ್ರೆ ಅವೂ ಸರದಿಗೆ ನಿಲ್ತವೆ."

ಕತ್ತಿನ ಮುಂಭಾಗದಲ್ಲಿ ಎರಡು ಬೆರಳಗಲದ ಹೊಲಿಗೆ. ಎಚ್ಚರವಾದವಳೇ ಮೈದುನನ ತೋಳು ಚಿವುಟಿದಳು. ಅವನು ಕಿಟಾರನೆ ಕಿರುಚಿದ. "ಬೆರಳು ಸರಿಹೋಗಿದೆ," ಎಂದು ಮತ್ತೆ ಕಣ್ಣು ಮುಚ್ಚಿದಳು.

ಎರಡೂವರೆ ತಿಂಗಳಿಗೆ ಕೆಲಸಕ್ಕೆ ಮರಳಿದಾಗ ಮ್ಯಾನೇಜರ್ ಹಲ್ಲು ಕಿರಿದ. "ಬಾಮ್ಮ! ಹೊಸ ಪಾರ್ಟ್ ಹಾಕಿಸ್ಕೊಂಡಿದೀಯ. ಇನ್ನು ಗಂಟೆಗೆ ಹತ್ತು ಕಾಲರ್ ಜಾಸ್ತಿ ಬರ್ಬೇಕು." ಅದೇ ಮೊಣಕಾಲಿಗೆ ತಾಗುವ ಗಿಡ್ಡ ಮೇಜು ತೋರಿಸಿದ.

ಕೂತರೆ ಕತ್ತು ಹೋಗುತ್ತದೆ, ಕೂರದಿದ್ದರೆ ಕೆಲಸ. ಆಕೆ ನಿಂತೇ ಇದ್ದಳು.

ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಯಾವ ಯಂತ್ರದ ಭಾಗ ಬದಲಾದರೂ, ಹಳೆಯದು ಸವೆದ ಕಾರಣವನ್ನು ಕೆಂಪು ಚೀಟಿಯಲ್ಲಿ ಬರೆದು, ಆ ಕಾರಣ ಸರಿಹೋಗುವ ತನಕ ಯಂತ್ರಕ್ಕೆ ತೂಗುಹಾಕಬೇಕು. ಚೀಟಿಯಿದ್ದಾಗ ಯಾರೂ ಚಾಲೂ ಮಾಡುವಂತಿಲ್ಲ. ಒಂದೇ ಬುಷ್ ಮೂರು ಸಲ ಹಾಳಾದ ಸಿಟ್ಟಿಗೆ ಮ್ಯಾನೇಜರನೇ ಮಾಡಿದ್ದ ನಿಯಮ. ಮೈದುನ ಬಂದು ಅತ್ತಿಗೆಯ ಕುರ್ಚಿಗೆ ಚೀಟಿ ಕಟ್ಟಿ, ಗಟ್ಟಿಯಾಗಿ ಓದಿದ: "ಬದಲಾದ ಭಾಗ: ಕತ್ತಿನ ಡಿಸ್ಕ್. ಸವೆತಕ್ಕೆ ಕಾರಣ: ಮೇಜು ಒಂದು ಗೇಣು ತಗ್ಗು."

"ಏಯ್, ಅದು ಮಿಷನ್ನಿಗೆ ಕಣೋ!"

"ಪಾರ್ಟ್ ಅಂದವ್ರು ನೀವೇ ಅಲ್ವಾ ಸಾರ್?" ಎಂದಳು ಕಾಲರ್ ಅಕ್ಕ. "ಮಿಷನ್ನಿಗೆ ಕೊಡೋ ಮರ್ಯಾದೇಲಿ ಅರ್ಧ ನಮಗೂ ಕೊಡಿ, ಸಾಕು."

ಪಕ್ಕದ ಯಂತ್ರ ನಿಂತಿತು. ಅದರಾಚೆಯದೂ ನಿಂತಿತು. ಗುಂಡಿ ಹೊಲಿಯುವ ಹಿರಿಯಳೊಬ್ಬಳು ಕೈಯೆತ್ತಿದಳು: "ನನ್ನ ಕತ್ತೂ ಕಿರ್‌ ಅಂತಿದೆ ಕಣಪ್ಪ, ನನಗೂ ಒಂದು ಚೀಟಿ ಕಟ್ಟು!" ನಗು ಸಾಲಿನಿಂದ ಸಾಲಿಗೆ ಹಬ್ಬಿತು. ನಗುತ್ತಿದ್ದವರಲ್ಲಿ ಒಬ್ಬಳೂ ಹೊಲಿಯುತ್ತಿರಲಿಲ್ಲ.

ಮ್ಯಾನೇಜರ್ ಗಡಿಯಾರ ನೋಡಿದ, ಬಾಗಿಲು ನೋಡಿದ. "ಆಯ್ತು ಮಾರಾಯ್ತಿ, ನಿನ್ನ ಮೇಜು ಎತ್ತರಿಸ್ತೀನಿ. ಕೂತ್ಕೋ."

ಆಕೆ ಕತ್ತನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದಳು, ಆಮೇಲೆ ಬಲಕ್ಕೆ. ಎರಡೂ ಸಾಲಿನ ಕೊನೆಯವರೆಗೆ ಎಲ್ಲರ ಮುಖವೂ ಕಂಡಿತು.

"ಎಪ್ಪತ್ತು ಮೇಜೂ ಸಾರ್," ಎಂದಳು. "ಬಡಗಿಯನ್ನ ಕರೆಸಿ. ಅಲ್ಲೀವರೆಗೆ ನಾವು ನಿಂತಿರ್ತೀವಿ, ಕತ್ತಿಗೂ ಒಳ್ಳೇದು."